ಗುಬ್ಬಿ ಸೀಮೆಯ ತೋಟದಿಂದ ಬಂದ 84 ಇರುವೆಗಳು

ಗುಬ್ಬಿಯಿಂದ ನಿಟ್ಟೂರಿನ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕನ ಮನೆಯವರ ತೆಂಗಿನ ತೋಟವಿದೆ. ಈ ಬಾರಿ ಭರಣಿ ಮಳೆಗೆ ಮುಂಚೆಯೇ ಹನಿ ನೀರಾವರಿಯ ಹೊಸ ಪೈಪನ್ನು ಹೂಳಿಸಿಬಿಡಬೇಕೆಂದು ಭಾವ ಜೆಸಿಬಿಯವನಿಗೆ ಹೇಳಿಟ್ಟು, ಕಾಲುವೆ ತೆಗೆಯಬೇಕಾದ ಜಾಗದುದ್ದಕ್ಕೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದ್ದರು. ಏಪ್ರಿಲ್ ತಿಂಗಳ ಕೊನೆಯ ಭಾನುವಾರ ನಾನು ತೋಟಕ್ಕೆ ಹೋಗಿ ನೋಡಿದರೆ, ಎರಡು ವರ್ಷಗಳಿಂದ ಹೋದಾಗಲೆಲ್ಲ ನಾನು ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಿದ್ದ ಇರುವೆ ಗೂಡೊಂದರ ಬಾಯಿಯ ಮೇಲೆಯೇ ಆ ಬಿಳಿಯ ಗೆರೆ ಹಾದುಹೋಗಿತ್ತು. "ನಾಳೆ ಒಂಬತ್ತು ಗಂಟೆಗೆ ಜೆಸಿಬಿ ಬರುತ್ತೆ. ಗೆರೆ ಬದಲಾಯಿಸೋಕಾಗಲ್ಲ, ಗೇಟ್ ವಾಲ್ವ್ ಅಲ್ಲೇ ಇರೋದು. ನಿನ್ನ ಇರುವೆಗಳಿಗೆ ಇವತ್ತೇ ಮನೆ ಖಾಲಿ ಮಾಡೋಕೆ ಹೇಳಪ್ಪ" ಎಂದು ಭಾವ ನಕ್ಕರು.

ನಾನು ತುಮಕೂರಿನ ಬಟವಾಡಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಇರುವೆ ಸಾಕುವುದು ನನ್ನ ಹವ್ಯಾಸವೆಂದರೆ ಕೇಳಿದವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತಮ್ಮ ಅಡುಗೆಮನೆಯ ಇರುವೆಗಳನ್ನೂ ಕೊಂಡೊಯ್ಯಬಹುದೆಂದು ಉದಾರವಾಗಿ ಹೇಳುತ್ತಾರೆ. ಕಾಡಿನಿಂದ ಗೂಡನ್ನು ಕಿತ್ತು ತರುವುದು ನನಗೆ ಒಪ್ಪಿಗೆಯಿಲ್ಲ. ದೇವರಾಯನದುರ್ಗದ ಗುಡ್ಡಗಳಲ್ಲಿಯೂ ನಾಮದ ಚಿಲುಮೆಯ ಸುತ್ತಲಿನಲ್ಲಿಯೂ ನೋಡಿದಷ್ಟೂ ಇರುವೆಗಳಿವೆ, ಆದರೆ ಅದು ಅರಣ್ಯ ಇಲಾಖೆಯ ಕಾಡು. ಅಲ್ಲಿ ನೋಡಿ ಬರುವುದಷ್ಟೇ ನಮ್ಮ ಪಾಲಿನದು. ತೋಟದ ಈ ಗೂಡಿಗೆ ಮಾತ್ರ ಮರುದಿನದ ಒಂಬತ್ತು ಗಂಟೆಯ ಆಚೆಗೆ ಆಯುಸ್ಸು ಉಳಿದಿರಲಿಲ್ಲವಾದ್ದರಿಂದ, ಅದನ್ನು ಎಬ್ಬಿಸಿ ಮನೆಗೆ ತಂದು ಕೃತಕ ಗೂಡಿನಲ್ಲಿ ನೆಲೆಗೊಳಿಸುವುದೆಂದು ಅಲ್ಲಿಯೇ ನಿರ್ಧರಿಸಿದೆ.

ಯಾವ ಇರುವೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಕಡೆ ದೊಡ್ಡ ಕರಿ ಇರುವೆಗಳನ್ನೆಲ್ಲ ಒಟ್ಟಾಗಿ ಗೊದ್ದವೆಂದೋ ಕಟ್ಟಿರುವೆಯೆಂದೋ ಕರೆದು ಮುಗಿಸುತ್ತಾರೆ. ಮರದ ಬುಡದಲ್ಲಿ ಸಾಲುಗಟ್ಟಿ ಓಡಾಡುವ, ಸಣ್ಣ ತಲೆಯವೂ ದಪ್ಪ ತಲೆಯವೂ ಬೆರೆತಿರುವ ನಿಜವಾದ ಗೊದ್ದದ ವೈಜ್ಞಾನಿಕ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಅದಕ್ಕೆ ಕೊಂಡಿಯಿಲ್ಲ, ಕಚ್ಚಿ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ತೋಟದಲ್ಲಿದ್ದುದು ಅದಲ್ಲ, ಡಯಾಕಾಮಾ ಇಂಡಿಕಮ್. ಸುಮಾರು ಒಂದು ಸೆಂಟಿಮೀಟರ್ ಉದ್ದದ ಈ ಇರುವೆಗಳೆಲ್ಲ ಒಂದೇ ಅಳತೆಯವು. ಭೂತಗನ್ನಡಿ ಹಿಡಿದು ನೋಡಿದರೆ ಮೈಮೇಲೆ ಉತ್ತ ಹೊಲದ ಸಾಲುಗಳಂತೆ ಬಾಗಿದ ಸಣ್ಣ ಗೆರೆಗಳು ಕಾಣುತ್ತವೆ, ಸೊಂಟದ ಗಂಟಿನ ಮೇಲೆ ಎರಡು ಚೂಪು ಮುಳ್ಳುಗಳಿರುತ್ತವೆ. ಇದು ಸಾಲುಗಟ್ಟಿ ನಡೆಯುವ ಇರುವೆಯಲ್ಲ. ಒಂಟಿಯಾಗಿ ಹೊರಟು, ಗೆದ್ದಲನ್ನೋ ಸತ್ತ ಹುಳವನ್ನೋ ಕಚ್ಚಿಕೊಂಡು ಒಂಟಿಯಾಗಿಯೇ ಮರಳುತ್ತದೆ. ಇದಕ್ಕೆ ಕೊಂಡಿಯಿದೆ, ಚುಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ.

ಗೂಡನ್ನು ಗುರುತಿಸುವುದು ಸುಲಭ. ಬಾಯಿಯ ಸುತ್ತ ಕಡ್ಡಿ, ಒಣಗಿದ ಹೂವಿನ ಎಸಳು, ಹಕ್ಕಿಯ ಪುಕ್ಕ, ತಿಂದು ಬಿಟ್ಟ ಹುಳುಗಳ ಚಿಪ್ಪು ಮುಂತಾದುವನ್ನು ತಂದು ಒಂದು ದಿಬ್ಬದಂತೆ ಜೋಡಿಸಿರುತ್ತವೆ. ಇದೇ ಕುಲದ ಇನ್ನೊಂದು ಇರುವೆ ಗೂಡಿನ ಬಾಯಲ್ಲಿ ಪುಕ್ಕಗಳನ್ನು ಇಟ್ಟುಕೊಳ್ಳುವುದು ಬೆಳಗಿನ ಇಬ್ಬನಿಯನ್ನು ಅವುಗಳ ಮೇಲೆ ಹಿಡಿದು ಕುಡಿಯುವುದಕ್ಕಾಗಿ ಎಂಬುದನ್ನು ಮಾರ್ಕ್ ಮಾಫೆಟ್ ಎಂಬ ಅಮೆರಿಕದ ಕೀಟತಜ್ಞರು ಭಾರತದಲ್ಲಿಯೇ ಗಮನಿಸಿ 1985ರಲ್ಲಿ ಪ್ರಕಟಿಸಿದರು. ತೋಟದ ಗೂಡಿನ ಬಾಯಲ್ಲಿ ಎರಡು ಕೋಳಿ ಪುಕ್ಕಗಳಿದ್ದವು. ಅವನ್ನೂ ಜೇಬಿಗೆ ಹಾಕಿಕೊಂಡೆ.

ಹಿಂದೊಮ್ಮೆ ನಾನು ಗೊದ್ದಗಳನ್ನು ತಂದು ಸೋತಿದ್ದೆ. ಶೆಟ್ಟಿಹಳ್ಳಿಯ ಖಾಲಿ ಸೈಟೊಂದರಲ್ಲಿ ಪಾಯ ತೆಗೆಯುವ ಮುನ್ನಾದಿನ ಗುದ್ದಲಿ ಹಿಡಿದು ಹೋಗಿ, ಮೊಣಕಾಲುದ್ದ ಅಗೆದು, ಸುಮಾರು ಇನ್ನೂರು ಇರುವೆಗಳನ್ನೂ ಒಂದು ಹಿಡಿ ಕೋಶಗಳನ್ನೂ (ಮರಿಹುಳು ಒಳಗೇ ಇದ್ದು ಇರುವೆಯಾಗಿ ಬದಲಾಗುವ ಪುಟ್ಟ ಚೀಲಗಳು) ಸಂಗ್ರಹಿಸಿ ಗೆದ್ದವನಂತೆ ಮನೆಗೆ ಬಂದಿದ್ದೆ. ರಾಣಿ ಇನ್ನೂ ಆಳದಲ್ಲಿತ್ತು. ಗೊದ್ದದ ಗೂಡಿನಲ್ಲಿ ಮೊಟ್ಟೆಯಿಡುವ ರಾಣಿ ಸಾಮಾನ್ಯವಾಗಿ ಒಂದೇ. ಅದಿಲ್ಲದೆ ಹೊಸ ಕೆಲಸಗಾರ ಇರುವೆಗಳು ಹುಟ್ಟಲಾರವು, ಏಕೆಂದರೆ ಗಂಡಿನೊಡನೆ ಕೂಡದ ಇರುವೆ ಮೊಟ್ಟೆಯಿಟ್ಟರೂ ಅದರಿಂದ ಬರುವುದು ಗಂಡು ಮಾತ್ರ. ತಂದ ಕೋಶಗಳು ಒಡೆದು ಒಂದಷ್ಟು ಇರುವೆಗಳು ಹೊರಬಂದವು, ಅಲ್ಲಿಂದ ಮುಂದಕ್ಕೆ ದಿನಕ್ಕೊಂದೋ ಎರಡೋ ಸಾಯುತ್ತ ಬಂದು ಏಳನೆಯ ತಿಂಗಳಿಗೆ ಡಬ್ಬಿ ಬರಿದಾಯಿತು. ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಇದ್ದು, ಒಳಗೆ ಮುಗಿದುಹೋದ ಸಂಸಾರವದು.

ಡಯಾಕಾಮಾದ ವಿಷಯದಲ್ಲಿ ಈ ತೊಡಕಿನ ಸ್ವರೂಪವೇ ಬೇರೆ, ಏಕೆಂದರೆ ಈ ಇರುವೆಯಲ್ಲಿ ರಾಣಿಯೆಂಬ ಪ್ರತ್ಯೇಕ ವರ್ಗವಿಲ್ಲ. ಹುಟ್ಟುವ ಹೆಣ್ಣುಗಳೆಲ್ಲ ನೋಡಲು ಕೆಲಸಗಾರ ಇರುವೆಗಳೇ. ಅವುಗಳಲ್ಲಿ ಒಂದು ಮಾತ್ರ ಗೂಡಿನ ಹೊರಗೆ ನಿಂತು ಬೇರೆ ಗೂಡಿನ ಗಂಡನ್ನು ಕರೆದು, ಕೂಡಿ, ಮೊಟ್ಟೆಯಿಡುವ ಅಧಿಕಾರವನ್ನು ಪಡೆಯುತ್ತದೆ. ಅದಕ್ಕೆ ಗ್ಯಾಮರ್ಗೇಟ್ ಎಂಬ ಹೆಸರಿದೆ. ಗ್ರೀಕ್ ಮೂಲದ ಆ ಪದಕ್ಕೆ ಮದುವೆಯಾದ ಕೆಲಸಗಾತಿ ಎಂದು ಅರ್ಥ. ಪ್ರತಿಯೊಂದು ಹೆಣ್ಣೂ ಕೋಶದಿಂದ ಹೊರಬರುವಾಗ ಎದೆಭಾಗದ ಎರಡು ಪಕ್ಕಗಳಲ್ಲಿ, ರೆಕ್ಕೆಯಿರಬೇಕಾದ ಜಾಗದಲ್ಲಿ, ಎರಡು ಸಣ್ಣ ಮೊಗ್ಗುಗಳನ್ನು ಹೊತ್ತು ಬರುತ್ತದೆ. ಗೂಡಿನಲ್ಲಿ ಈಗಾಗಲೇ ಮೊಟ್ಟೆಯಿಡುವವಳಿದ್ದರೆ ಆ ಮೊಗ್ಗುಗಳನ್ನು ಕೂಡಲೇ ಕಡಿದುಹಾಕಲಾಗುತ್ತದೆ. ಮೊಗ್ಗು ಕಳೆದುಕೊಂಡ ಇರುವೆ ಜೀವಮಾನವಿಡೀ ಗಂಡನ್ನು ಕರೆಯುವುದಿಲ್ಲ, ದುಡಿಯುತ್ತದೆ. ಹೀಗಾಗಿ ಇಡೀ ಗೂಡಿನಲ್ಲಿ ಎರಡೂ ಮೊಗ್ಗುಗಳನ್ನು ಉಳಿಸಿಕೊಂಡಿರುವ ಒಂದೇ ಒಂದು ಇರುವೆ ನನ್ನ ಡಬ್ಬಿಗೆ ಬಂದು ಸೇರಬೇಕಿತ್ತು, ಮತ್ತು ಅದು ಗಾತ್ರದಲ್ಲಾಗಲಿ ಬಣ್ಣದಲ್ಲಾಗಲಿ ಉಳಿದವುಗಳಿಗಿಂತ ಬೇರೆಯಾಗಿರಲಿಲ್ಲ. ಆರಿಸಿ ತರುವ ಪ್ರಶ್ನೆಯೇ ಇಲ್ಲ, ಎಲ್ಲವನ್ನೂ ತರಬೇಕು.

ಅದಕ್ಕಾಗಿ ಗುದ್ದಲಿಯನ್ನು ಬಿಟ್ಟು ನೀರನ್ನು ಆಶ್ರಯಿಸಿದೆ. ಈ ಇರುವೆಯ ಗೂಡು ಹೆಚ್ಚು ಆಳವಿರುವುದಿಲ್ಲ, ನೀರು ಒಳಗಿಳಿದರೆ ಮರಿಗಳನ್ನು ಕಚ್ಚಿಕೊಂಡು ತಾವಾಗಿಯೇ ಮೇಲೆ ಬರುತ್ತವೆ. ಇದರ ಮೇಲೆ ಸಂಶೋಧನೆ ನಡೆಸುವವರೂ ಹೀಗೆಯೇ ಹಿಡಿಯುತ್ತಾರೆ. ಬಿಂದಿಗೆಯನ್ನು ಒಂದೇ ಸಲ ಬಗ್ಗಿಸಿದರೆ ಒಳಗಿನ ಕೋಣೆ ಕುಸಿದು ಮರಿಗಳು ಕೆಸರಿನಲ್ಲಿ ಹೂತುಹೋಗುತ್ತವೆ. ಆದ್ದರಿಂದ ಗೂಡಿನ ಸುತ್ತ ಬಿಳಿಯ ಪಂಚೆಯನ್ನು ಹಾಸಿ, ಚೊಂಬಿನಿಂದ ಒಂದು ದಾರದಷ್ಟು ತೆಳ್ಳಗೆ ನೀರು ಬಿಡುತ್ತ ಕುಳಿತೆ. ಮೊದಲ ಐದು ನಿಮಿಷ ಕೆಂಪು ಮಣ್ಣು ನೀರನ್ನು ಹೀರಿತೇ ವಿನಾ ಒಂದು ಇರುವೆಯೂ ಹೊರಬರಲಿಲ್ಲ. ಆಮೇಲೆ ಒಂದು ಬಂದು ಸುತ್ತ ನೋಡಿ ಮತ್ತೆ ಒಳಗಿಳಿಯಿತು, ಅದರ ಬೆನ್ನಿಗೇ ಕಂದು ಬಣ್ಣದ ಕೋಶಗಳನ್ನು ಬಾಯಲ್ಲಿ ಹಿಡಿದ ಇರುವೆಗಳು ಒಂದೊಂದಾಗಿ ಮೇಲೇರತೊಡಗಿದವು. ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆಂದು ನಮ್ಮ ಹಿರಿಯರು ಹೇಳುವಾಗ ಮೊಟ್ಟೆಯೆಂದು ಕರೆಯುವುದು ಬಹುಮಟ್ಟಿಗೆ ಈ ಕೋಶಗಳನ್ನೇ. ನಿಜವಾದ ಮೊಟ್ಟೆಗಳು ತೀರ ಸಣ್ಣವು, ಅಂಟಿಕೊಂಡ ಗೊಂಚಲಾಗಿ ಇರುತ್ತವೆ. ಅಡಿಕೆ ಹಾಳೆಯ ತುಂಡೊಂದನ್ನು ಮೊರದಂತೆ ಹಿಡಿದು, ಮಗಳ ಬಣ್ಣದ ಕುಂಚದಿಂದ ಅವನ್ನು ಅದರ ಮೇಲಕ್ಕೆ ತಳ್ಳಿ ಡಬ್ಬಿಗೆ ಇಳಿಸುತ್ತ ಹೋದೆ. ಕೈಬೆರಳಿಗೆ ಎರಡು ಸಲ ಚುಚ್ಚಿಸಿಕೊಂಡೆ. ಅಕ್ಕ ದೂರದಿಂದಲೇ ಸುಣ್ಣ ಹಚ್ಚಿಕೊಳ್ಳುವಂತೆ ಹೇಳಿ ಕಾಫಿಗೆ ಕರೆದಳು.

ಸಂಜೆಯ ಹೊತ್ತಿಗೆ 73 ಇರುವೆಗಳು, 30ಕ್ಕೂ ಹೆಚ್ಚು ಕೋಶಗಳು, ಒಂದಷ್ಟು ಮರಿಹುಳುಗಳು, ರೆಕ್ಕೆಯಿರುವ ಒಂದು ಗಂಡು ಡಬ್ಬಿಯಲ್ಲಿದ್ದವು. ಕೆಲಸ ಮುಗಿಯಿತೆಂದು ತಿಳಿಯುವವರು ಇಲ್ಲಿಯೇ ತಪ್ಪುತ್ತಾರೆ. ಆಹಾರಕ್ಕೆ ಹೊರಗೆ ಹೋಗಿದ್ದ ಇರುವೆಗಳು ಇನ್ನೂ ಮರಳಿರುವುದಿಲ್ಲ, ಮರಳಿದರೆ ಅವಕ್ಕೆ ಮನೆಯಿರುವುದಿಲ್ಲ. ಹಾಗಾಗಿ ರಾತ್ರಿ ಅಕ್ಕನ ಮನೆಯಲ್ಲಿಯೇ ಉಳಿದು, ಗೂಡಿನ ಬಾಯ ಮೇಲೆ ಒಡೆದ ಮಡಕೆಯ ಚೂರೊಂದನ್ನು ಕವುಚಿ ಬಂದೆ; ಬೆಳಗಿನ ಜಾವ ಟಾರ್ಚ್ ಹಿಡಿದು ಹೋಗಿ ಎತ್ತಿ ನೋಡಿದಾಗ ಅದರಡಿಯಲ್ಲಿ 11 ಇರುವೆಗಳು ಒತ್ತಿಕೊಂಡು ಕುಳಿತಿದ್ದವು. ಒಟ್ಟು 84. ಒಂಬತ್ತೂಕಾಲಿಗೆ ಜೆಸಿಬಿ ಬಂದಿತು. ಮಂಡಿಗೆ ಅರ್ಧ ದಿನ ರಜೆ ಹೇಳಿ, ತೂತು ಕೊರೆದ ಮುಚ್ಚಳದ ಡಬ್ಬಿಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಗುಬ್ಬಿಯಿಂದ ತುಮಕೂರಿಗೆ ಬಸ್ಸು ಹತ್ತಿದೆ. ಸುಮಾರು 20 ಕಿಲೋಮೀಟರ್ ದೂರವಾದರೂ ಆ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯೊಳಗಿನ ಶಾಖಕ್ಕೆ ಅಷ್ಟೇ ಸಾಕು.

ಕೃತಕ ಗೂಡು ಆಗ ಅರ್ಧ ಮಾತ್ರ ಸಿದ್ಧವಾಗಿತ್ತು. ತಾತ್ಕಾಲಿಕ ವಸತಿಯಾಗಿ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಳಗೋಡೆಯ ಮೇಲಂಚಿಗೆ ಇರುವೆಗಳು ಹತ್ತಿ ಹೊರಬಾರದಂತೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಒಳಗೆ ಒಂದು ಅಗಲವಾದ ಟೆಸ್ಟ್ ಟ್ಯೂಬನ್ನು ಮಲಗಿಸಿದೆ. ಟ್ಯೂಬಿನ ತಳದ ಮೂರನೆಯ ಒಂದು ಭಾಗಕ್ಕೆ ನೀರು ತುಂಬಿ, ಅದು ಹರಿದು ಬಾರದಂತೆ ಹತ್ತಿಯನ್ನು ಒತ್ತಿ, ಹೊರಗೆ ಕಪ್ಪು ಕಾಗದ ಸುತ್ತಿದರೆ ಕತ್ತಲೆ ಮತ್ತು ತೇವ ಎರಡೂ ಸಿಗುತ್ತವೆ. ಅರ್ಧ ಗಂಟೆಯೊಳಗೆ ಮರಿಗಳ ಸಮೇತ ಎಲ್ಲವೂ ಅದರೊಳಗೆ ಸೇರಿಕೊಂಡವು. ಮಡಕೆಯಡಿಯಲ್ಲಿ ಸಿಕ್ಕ ಹನ್ನೊಂದನ್ನು ಬಿಟ್ಟಾಗ ಒಳಗಿನವು ಕುಡಿಮೀಸೆಗಳಿಂದ ಮುಟ್ಟಿ ನೋಡಿ ದಾರಿ ಬಿಟ್ಟವು. ಒಂದೇ ಗೂಡಿನ ವಾಸನೆ ಒಂದು ರಾತ್ರಿಯಲ್ಲಿ ಮಾಸಿರಲಿಲ್ಲ.

ಇರುವೆಗಳಿಗಾಗಿ ಪ್ಲಾಸ್ಟರಿನ ಗೂಡನ್ನು ಮೊದಲು ರೂಢಿಗೆ ತಂದವರಲ್ಲಿ ಫ್ರಾನ್ಸಿನ ಶಾರ್ಲ್ ಜಾನೆ ಪ್ರಮುಖರು. 19ನೇ ಶತಮಾನದ ಕೊನೆಯಲ್ಲಿ ಅವರು ಪ್ಲಾಸ್ಟರಿನ ಅಚ್ಚಿನಲ್ಲಿ ಸಾಲಾಗಿ ಕೋಣೆಗಳನ್ನು ಮಾಡಿ, ಮೇಲೆ ಗಾಜು ಮುಚ್ಚಿ, ಒಂದು ತುದಿಯ ಗುಳಿಗೆ ಮಾತ್ರ ನೀರು ಹಾಕುತ್ತಿದ್ದರು. ಪ್ಲಾಸ್ಟರ್ ನೀರನ್ನು ಹೀರುವುದರಿಂದ ಆ ತುದಿಯ ಕೋಣೆ ಹೆಚ್ಚು ತೇವವಾಗಿ, ದೂರ ಹೋದಂತೆ ಒಣಗುತ್ತ ಬರುತ್ತದೆ. ಮೊಟ್ಟೆಗಳನ್ನು ಎಲ್ಲಿಡಬೇಕು, ಕೋಶಗಳನ್ನು ಎಲ್ಲಿಡಬೇಕು ಎಂಬುದನ್ನು ಇರುವೆಗಳೇ ಆರಿಸಿಕೊಳ್ಳುತ್ತವೆ. ನಾನು ಮಾಡಿದ್ದೂ ಇದರ ಬಡ ರೂಪವೇ. ಗಾಜಿನ ತುಂಡಿನ ಮೇಲೆ ಜೇಡಿಮಣ್ಣಿನಿಂದ ಆರು ಕೋಣೆಗಳ ಮತ್ತು ಅವನ್ನು ಸೇರಿಸುವ ಓಣಿಗಳ ಆಕಾರವನ್ನು ಮೆತ್ತಿ, ಸುತ್ತ ರಟ್ಟಿನ ಕಟ್ಟು ಕಟ್ಟಿ, ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು ಬೆರೆಸಿ ಹೊಯ್ದೆ. ಗಟ್ಟಿಯಾದ ಮೇಲೆ ಮಣ್ಣನ್ನು ಕೆತ್ತಿ ತೆಗೆದರೆ ಕೋಣೆಗಳು ಉಳಿಯುತ್ತವೆ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುವ ಪ್ಲಾಸ್ಟರ್ ಒಣಗುವುದಕ್ಕೆ ವಾರವೇ ಬೇಕಾಯಿತು. ಅವಸರದಲ್ಲಿ ಹಸಿಯಾಗಿಯೇ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಗೂಡಿನ ಮುಂದೆ ಓಡಾಡುವುದಕ್ಕೆ ಇನ್ನೊಂದು ಡಬ್ಬಿಯನ್ನು ಅಂಗಳವಾಗಿ ಇಟ್ಟು, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪಿನ ತುಂಡಿನಿಂದ ಎರಡನ್ನೂ ಜೋಡಿಸಿದೆ. ಗಾಜಿನ ಮೇಲೆ ಕೆಂಪು ಜಿಲೇಟಿನ್ ಹಾಳೆ. ಗಾಜಿನ ಮೂಲಕ ಬಣ್ಣಬಣ್ಣದ ಬೆಳಕನ್ನು ಗೂಡಿನ ಮೇಲೆ ಬಿಟ್ಟು, ಇರುವೆಗಳು ನೇರಳೆಯ ಕಡೆಯ ಬೆಳಕಿನಿಂದ ಮರಿಗಳನ್ನು ಸಾಗಿಸಿಕೊಂಡು ಓಡುತ್ತವೆ, ಕೆಂಪು ಬೆಳಕನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ ಎಂಬುದನ್ನು ಜಾನೆಗಿಂತ ಮೊದಲೇ ಇಂಗ್ಲೆಂಡಿನ ಜಾನ್ ಲಬ್ಬಕ್ ತೋರಿಸಿದ್ದರು. ಬ್ಯಾಂಕ್ ಉದ್ಯಮಿಯೂ ಪಾರ್ಲಿಮೆಂಟಿನ ಸದಸ್ಯರೂ ಆಗಿದ್ದ ಅವರು ಇಷ್ಟಕ್ಕೆಲ್ಲ ಬಿಡುವು ಮಾಡಿಕೊಂಡಿದ್ದರೆಂಬುದು, ಮಂಡಿಯ ಲೆಕ್ಕ ಬರೆಯುವ ನನಗೆ ಒಂದು ಸಮಾಧಾನ.

ಗೂಡು ಒಣಗಿದ ದಿನವೇ ನಾನು ತಪ್ಪು ಮಾಡಿದೆ. ಟೆಸ್ಟ್ ಟ್ಯೂಬನ್ನು ಎತ್ತಿ, ಹೊಸ ಗೂಡಿನ ಅಂಗಳದೊಳಗೆ ಬಗ್ಗಿಸಿ, ಮೆಲ್ಲಗೆ ತಟ್ಟಿ ಇರುವೆಗಳನ್ನು ಉದುರಿಸಿದೆ. ಬಾಗಿಲು ಎದುರಿಗೇ ಇರುವಾಗ ಒಳಗೆ ಹೋಗದೆ ಏನು ಮಾಡಿಯಾವು ಎಂಬ ಲೆಕ್ಕ ನನ್ನದು. ಅವು ಮೂಲೆಮೂಲೆಗೆ ಚದುರಿ, ಬಾಯಲ್ಲಿದ್ದ ಕೋಶಗಳನ್ನು ಕೆಡವಿ, ಮತ್ತೆ ಕಚ್ಚಿ, ಇನ್ನೊಂದರ ಬಾಯಿಂದ ಕಿತ್ತು, ಕೊನೆಗೆ ಡಬ್ಬಿಯ ಒಂದು ಮೂಲೆಯಲ್ಲಿ ರಾಶಿಯಾಗಿ ಬಿದ್ದುಕೊಂಡವು. ಹೊಸ ಗೂಡಿನ ಬಾಗಿಲಿಗೆ ಬಂದ ಒಂದೆರಡು ಒಳಗೆ ಇಣುಕಿ ಹಿಂದಿರುಗಿದವು. ಗಂಟೆಗಟ್ಟಲೆ ಕಾದ ಮೇಲೆ ಹಳೆಯ ಟ್ಯೂಬನ್ನೇ ಪಕ್ಕಕ್ಕಿಟ್ಟೆ. ಎಲ್ಲವೂ ಅದರೊಳಗೆ ಹೋದವು. ಬೆಳಿಗ್ಗೆ ಮೂರು ಇರುವೆಗಳು ಸತ್ತಿದ್ದವು, ಮೊಟ್ಟೆಗಳ ಗೊಂಚಲು ಕಾಣೆಯಾಗಿತ್ತು. ಗಾಬರಿಗೊಂಡ ಗೂಡು ತನ್ನ ಮೊಟ್ಟೆಗಳನ್ನು ತಾನೇ ತಿನ್ನುವುದುಂಟು. ನಾನು ಇರುವೆಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕಿದ್ದೆನೇ ವಿನಾ ಗೂಡನ್ನು ಬದಲಾಯಿಸಿರಲಿಲ್ಲ.

ಒಂದು ವಾರ ಅವನ್ನು ಅವುಗಳ ಪಾಡಿಗೆ ಬಿಟ್ಟೆ. ಆಮೇಲೆ ಎರಡು ಡಬ್ಬಿಗಳನ್ನೂ ಒಂದೂವರೆ ಮೀಟರ್ ಉದ್ದದ ಲೆವೆಲ್ ಪೈಪಿನಿಂದ ಜೋಡಿಸಿ, ಹಳೆಯ ಟ್ಯೂಬಿನ ಮೇಲಿನ ಕಪ್ಪು ಕಾಗದವನ್ನು ಬಿಚ್ಚಿ, ಅದರ ಮೇಲೆ ಮಗಳ ಓದುವ ಮೇಜಿನ ದೀಪವನ್ನು ಉರಿಸಿಟ್ಟೆ. ಹಳೆಯ ಮನೆ ಬೆಳಕಾಗಬೇಕು, ಹೊಸ ಮನೆ ಕತ್ತಲೆಯಾಗಿ ತಂಪಾಗಿರಬೇಕು. ಮಧ್ಯದ ತೀರ್ಮಾನ ಅವುಗಳದು. ಎರಡು ದಿನವಾದರೂ ಅವು ಅಲುಗಾಡಲಿಲ್ಲ. ಪೈಪಿನಲ್ಲಿ ಒಂದೊಂದು ಇರುವೆ ಹೋಗಿ ಬರುತ್ತಿದ್ದುದು ಕಾಣುತ್ತಿತ್ತು, ಆದರೆ ಬಂದದ್ದು ಸುಮ್ಮನೆ ಕುಳಿತುಬಿಡುತ್ತಿತ್ತು. ಹೊಸ ಗೂಡಿನ ಗಾಜನ್ನು ಎತ್ತಿ ನೋಡಿದ ಮೇಲೆ ಕಾರಣ ತಿಳಿಯಿತು: ತೇವ ಸಾಲದೆ ಹೋದೀತೆಂಬ ಭಯದಿಂದ ನಾನು ಆರೂ ಕೋಣೆಗಳನ್ನು ನೆನೆಸಿ ಇಟ್ಟಿದ್ದೆ, ಗಾಜಿನ ಒಳಮೈಯಿಂದ ನೀರು ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಜಾನೆಯವರ ಗೂಡಿನ ಮುಖ್ಯ ಗುಣವನ್ನೇ ನಾನು ಕೆಡಿಸಿದ್ದೆ. ಮೂರು ದಿನ ತೆರೆದು ಒಣಗಿಸಿ, ಕೊನೆಯ ಕೋಣೆಯ ಪಕ್ಕದ ಗುಳಿಗೆ ಮಾತ್ರ ಸಿರಿಂಜಿನಿಂದ 5 ಮಿಲಿಲೀಟರ್ ನೀರು ಬಿಟ್ಟು, ಹಳೆಯ ಟ್ಯೂಬಿನೊಳಗಿನ ಕೊಳಕು ಹತ್ತಿಯ ಒಂದು ಎಳೆಯನ್ನು ಚಿಮಟಿಗೆಯಲ್ಲಿ ತಂದು ಹೊಸ ಗೂಡಿನ ಒಳಗಿಟ್ಟೆ. ಲಬ್ಬಕ್ ಇರುವೆಗಳಿಗೆ ಬಣ್ಣದ ಗುರುತು ಹಾಕುತ್ತಿದ್ದಂತೆ, ಪೈಪಿನಲ್ಲಿ ಮೊದಲು ಓಡಾಡಿದ ನಾಲ್ಕರ ಬೆನ್ನಿಗೆ ಗುಂಡುಸೂಜಿಯ ತುದಿಯಿಂದ ಬಿಳಿ ಬಣ್ಣದ ಚುಕ್ಕೆಯಿಟ್ಟೆ.

ಅಂದು ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಬಿಳಿ ಚುಕ್ಕೆಯ ಇರುವೆಯೊಂದು ಪೈಪಿನಿಂದ ಹಳೆಯ ಡಬ್ಬಿಗೆ ಮರಳಿ ಬಂದು, ಟ್ಯೂಬಿನೊಳಗೆ ಕುಳಿತಿದ್ದ ಇನ್ನೊಂದರ ಮುಖವನ್ನು ಕುಡಿಮೀಸೆಗಳಿಂದ ತಟ್ಟಿ, ತಿರುಗಿ ನಿಂತಿತು. ಎರಡನೆಯದು ತನ್ನ ಮೀಸೆಗಳನ್ನು ಮುಂದಿನದರ ಹಿಂಗಾಲಿಗೂ ಹೊಟ್ಟೆಗೂ ತಾಗಿಸಿತು. ಆಗ ಮೊದಲನೆಯದು ಹೊರಟಿತು. ಸಾಲು ಕಟ್ಟಿ ವಾಸನೆಯ ದಾರಿಯನ್ನು ಹಿಡಿದು ಹೋಗುವ ಇರುವೆಗಳನ್ನಷ್ಟೇ ನೋಡಿದವರಿಗೆ ಇದು ಬೇರೆಯೇ ಲೋಕ. ಡಯಾಕಾಮಾ ತನ್ನ ಇಡೀ ಗೂಡನ್ನು ಹೀಗೆ ಒಂದೊಂದಾಗಿ, ಒಬ್ಬರು ಮುಂದೆ ಒಬ್ಬರು ಹಿಂದೆ, ಜೋಡಿಯಾಗಿ ಕರೆದೊಯ್ಯುತ್ತದೆ. ಹಿಂದಿನದರ ಸ್ಪರ್ಶ ತಪ್ಪಿದರೆ ಮುಂದಿನದು ನಿಲ್ಲುತ್ತದೆ. ಹಿಂದಿನದು ತಡಕಾಡಿ ಬಂದು ಮತ್ತೆ ಮುಟ್ಟುವವರೆಗೆ ಕಾಯುತ್ತದೆ. ಪೈಪು ಸ್ವಲ್ಪ ಏರಾಗಿದ್ದ ಕಡೆ ಹಿಂದಿನದರ ಕಾಲು ಜಾರಿ ಸ್ಪರ್ಶ ಕಡಿಯುತ್ತಿತ್ತು, ಮುಂದಿನದು ಅಲ್ಲಿಯೇ ನಿಂತು ಕಾದು ಕರೆದೊಯ್ಯುತ್ತಿತ್ತು. ಕುರುಡ ಅಜ್ಜನ ಕೈಯನ್ನು ಹೆಗಲಿಗೇರಿಸಿಕೊಂಡು ಮೊಮ್ಮಗ ಜಾತ್ರೆಯಲ್ಲಿ ದಾರಿ ಮಾಡಿಕೊಡುವ ಹಾಗೆ ಎಂದು ಅಮ್ಮ ಹೇಳಿದರು; ಅಲ್ಲಿಯವರೆಗೆ ಅವರು ಈ ಡಬ್ಬಿಗಳ ಹತ್ತಿರ ಬಂದವರೇ ಅಲ್ಲ.

ಈ ಜೋಡಿ ನಡಿಗೆಯನ್ನು ಕೋಲ್ಕತ್ತದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ)ನಲ್ಲಿ ಸುಮನಾ ಅಣ್ಣಾಗಿರಿ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಗೂಡಿನ ಇರುವೆಗಳಲ್ಲಿ ಸಣ್ಣದೊಂದು ಪಾಲು ಮಾತ್ರ ಮುಂದಾಳುಗಳಾಗುತ್ತವೆ ಎಂಬುದು ಅವರ ಕೆಲಸದಿಂದ ತಿಳಿದುಬಂದ ಸಂಗತಿ. ನನ್ನ ಪೈಪಿನಲ್ಲಿಯೂ ಹಾಗೆಯೇ ಆಯಿತು. ಚುಕ್ಕೆಯಿದ್ದ ನಾಲ್ಕರಲ್ಲಿ ಮೂರು ಪುನಃಪುನಃ ಹೋಗಿ ಬಂದವು. ಅವು ಕರೆದೊಯ್ದ ಕೆಲವು ಹೊಸ ಗೂಡನ್ನು ಸುತ್ತಿ ನೋಡಿ ತಾವೂ ಮರಳಿ ಬಂದು ಕರೆಯತೊಡಗಿದವು. ಕೋಶಗಳು ಮತ್ತು ಮರಿಹುಳುಗಳು ಹೆಚ್ಚಾಗಿ ಹಿಂಬಾಲಿಸುವ ಇರುವೆಯ ಬಾಯಲ್ಲಿಯೇ ಪ್ರಯಾಣ ಮಾಡಿದವು. ರೆಕ್ಕೆಯ ಗಂಡು ಮಾತ್ರ ನಡೆಯುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಅದನ್ನು ಕಚ್ಚಿ ಎತ್ತಿಕೊಂಡು ಹೋಗಬೇಕಾಯಿತು, ಮತ್ತು ಮನೆಯಲ್ಲಿ ಇದನ್ನು ನೋಡಿ ನಕ್ಕವರೆಲ್ಲ ಹೆಂಗಸರು. ಹತ್ತು ಗಂಟೆ ದಾಟಿ ಐದು ನಿಮಿಷಕ್ಕೆ ಟ್ಯೂಬು ಬರಿದಾಯಿತು. ಎರಡು ಮುಕ್ಕಾಲು ಗಂಟೆಯಲ್ಲಿ 81 ಇರುವೆಗಳು, ಒಂದು ಕೋಶವನ್ನೂ ಕೆಡವದೆ ಹೋಗಿದ್ದವು. ನಾನು ಕೈಯಿಂದ ಹತ್ತು ಸೆಕೆಂಡಿನಲ್ಲಿ ಮಾಡಲು ಹೋಗಿ ಕೆಡಿಸಿದ ಕೆಲಸ ಅದು.

ಮೊಟ್ಟೆಯಿಡುವವಳು ಬಂದಿದ್ದಾಳೆಯೇ ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. ನಾಲ್ಕು ರಾತ್ರಿ ಕೆಂಪು ಹಾಳೆಯ ಮೇಲೆ ಭೂತಗನ್ನಡಿ ಹಿಡಿದು ಕುಳಿತ ಮೇಲೆ, ಕೊನೆಯಿಂದ ಎರಡನೆಯ ಕೋಣೆಯಲ್ಲಿ, ಎದೆಯ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಗುಬಟೊಂದು ಹೊಳೆದ ಇರುವೆ ಸಿಕ್ಕಿತು. ಮರುವಾರ ಅದರ ಬಳಿ ಹೊಸ ಮೊಟ್ಟೆಗಳ ಗೊಂಚಲು ಕಾಣಿಸಿತು. ಕೋಣೆಗಳ ಹಂಚಿಕೆಯೂ ಆಗಿತ್ತು: ಮೊಟ್ಟೆಗಳೂ ಮರಿಹುಳುಗಳೂ ನೀರಿನ ಗುಳಿಗೆ ಹತ್ತಿರ, ಕೋಶಗಳು ಒಣಗಿದ ಕಡೆ, ಕಸವೆಲ್ಲ ಅಂಗಳದ ದೂರದ ಮೂಲೆಯಲ್ಲಿ. ಜೂನ್ ತಿಂಗಳಲ್ಲಿ ಕೋಶವೊಂದು ಒಡೆದು ತಿಳಿ ಕಂದು ಬಣ್ಣದ ಎಳೆಯ ಇರುವೆ ಹೊರಬಂದಾಗ ಅದರ ಎರಡೂ ಪಕ್ಕದ ಮೊಗ್ಗುಗಳನ್ನು ನಾನು ಸ್ಪಷ್ಟವಾಗಿ ನೋಡಿದೆ. ಮಂಡಿಯಿಂದ ಸಂಜೆ ಮರಳಿ ನೋಡುವಷ್ಟರಲ್ಲಿ ಅಲ್ಲಿ ಬರಿಯ ಕಪ್ಪು ಕಲೆಗಳಿದ್ದವು.

ಊಟದ ವಿಷಯದಲ್ಲಿ ಒಂದು ಮನೆಮಟ್ಟದ ತೊಡಕು ಬಂದಿತು. ಇರುವೆ ಸಾಕುವವರಲ್ಲಿ ಅನೇಕರು ಬಳಸುವ ಕೃತಕ ಆಹಾರವೊಂದಿದೆ. ಭಟ್ಕರ್ ಮತ್ತು ವಿಟ್‌ಕೂಂಬ್ ಎಂಬವರು 1970ರಲ್ಲಿ ಪ್ರಕಟಿಸಿದ ಅದರ ಕ್ರಮದಲ್ಲಿ ಅರ್ಧ ಲೀಟರ್ ನೀರಿಗೆ 5 ಗ್ರಾಂ ಅಗರ್ (ಕಡಲಪಾಚಿಯಿಂದ ತೆಗೆಯುವ, ಹೆಪ್ಪುಗಟ್ಟಿಸುವ ಪುಡಿ), ಜೇನುತುಪ್ಪ, ವಿಟಮಿನ್ ಮತ್ತು ಒಂದು ಕೋಳಿಮೊಟ್ಟೆ ಬೇಕು. ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಟ್ಟೆಗೆ ಪ್ರವೇಶವಿಲ್ಲ. ಹಾಗಾಗಿ ತೋಟದಿಂದ ತಂದ ಹಳೆಯ ತೆಂಗಿನ ಗರಿಯ ದಿಂಡನ್ನು ಒಡೆದು ಅದರೊಳಗಿನ ಗೆದ್ದಲನ್ನು ಎರಡು ದಿನಕ್ಕೊಮ್ಮೆ ಕೊಡುತ್ತೇನೆ, ಅದಕ್ಕಿಂತ ಇಷ್ಟವಾದುದು ಈ ಇರುವೆಗಳಿಗೆ ಬೇರೊಂದಿಲ್ಲ. ಶನಿವಾರದ ದಿನ ಕರಿ ಇರುವೆಗಳಿಗೆ ಸಕ್ಕರೆ ಹಾಕುವುದು ಅಮ್ಮನ ಹಳೆಯ ರೂಢಿ. ಈಗ ಒಂದು ಚಿಟಿಕೆಯನ್ನು ಅಂಗಳದ ಡಬ್ಬಿಗೂ ಹಾಕುತ್ತಾರೆ, ಇವು ಅದನ್ನು ಮುಟ್ಟದೆ ಕಸದ ಮೂಲೆಗೆ ಸಾಗಿಸುತ್ತವೆ. ಅದೇ ಅಮ್ಮ ಅಡುಗೆಮನೆಯ ಕಟ್ಟೆಗೆ ಇರುವೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದನ್ನು ಬಿಟ್ಟಿಲ್ಲ. ಆ ವಿಷದ ಪುಡಿ ಕೈಗೆ ಹತ್ತಿದ ದಿನ ಡಬ್ಬಿಯನ್ನು ಮುಟ್ಟಬಾರದೆಂದು ಮಾತ್ರ ಒಪ್ಪಿಸಿದ್ದೇನೆ.

ಜೇಬಿನಲ್ಲಿ ತಂದಿದ್ದ ಕೋಳಿ ಪುಕ್ಕಗಳನ್ನು ಅಂಗಳದಲ್ಲಿ ಹಾಕಿದ್ದೆ. ಹತ್ತು ದಿನಗಳ ಮೇಲೆ ಅವುಗಳಲ್ಲಿ ಒಂದು ಗೂಡಿಗೆ ಹೋಗುವ ಪೈಪಿನ ಬಾಯಿಗೆ ಅಡ್ಡಲಾಗಿ ಬಂದು ಸೇರಿತು, ಸುತ್ತ ಗೆದ್ದಲಿನ ರೆಕ್ಕೆಗಳೂ ಹತ್ತಿಯ ಎಳೆಗಳೂ ಜೋಡಣೆಯಾದವು. ಹಳೆಯ ಡಬ್ಬಿಯನ್ನು ತೆಗೆದು ತೊಳೆದಿಡಬೇಕೆಂದು ಎರಡು ಸಲ ಹೊರಟೆ. ಆದರೆ ಬಿಳಿ ಚುಕ್ಕೆಯ ಇರುವೆಗಳಲ್ಲೊಂದು ಪ್ರತಿದಿನ ಕತ್ತಲಾದ ಮೇಲೆ ಆ ಒಂದೂವರೆ ಮೀಟರ್ ಪೈಪನ್ನು ಹಾದು ಹಳೆಯ ಡಬ್ಬಿಗೆ ಬರುತ್ತದೆ, ಬರಿದಾದ ಟ್ಯೂಬಿನ ತಳದವರೆಗೂ ಹೋಗಿ ಹತ್ತಿಯನ್ನು ಮುಟ್ಟಿ ನೋಡುತ್ತದೆ, ಅಂಗಳವನ್ನು ಒಂದು ಸುತ್ತು ಹಾಕಿ ಮರಳುತ್ತದೆ. ಆದ್ದರಿಂದ ಪೈಪನ್ನು ಇನ್ನೂ ಕಳಚಿಲ್ಲ.